ಖರ್ಚಿನ ಪುಸ್ತಕದಲ್ಲಿ ಸಿಕ್ಕ ಕ್ಲಬ್ಬು: ನನ್ನ ಅನುಭವ

"ಸ್ಕೋರ್ ಪುಸ್ತಕವೇ ಅರ್ಧ ಇಲ್ಲ, ಇವನು ಚರಿತ್ರೆ ಬರೀತಾನಂತೆ" ಅಂತ ಕಮಿಟಿ ಮೀಟಿಂಗಿನಲ್ಲಿ ನಕ್ಕಿದ್ದು ನಾಲ್ಕು ವರ್ಷದ ಹಿಂದೆ. ಅವತ್ತು ಜೋರಾಗಿ ನಕ್ಕವರಲ್ಲಿ ಇಬ್ಬರು ಈಗ ನಾನು ಬರೆದ ಕ್ಲಬ್ಬಿನ ಚರಿತ್ರೆಯ ಹತ್ತು ಹತ್ತು ಪ್ರತಿ ಕೊಂಡು ಗೃಹಪ್ರವೇಶಕ್ಕೆ, ಮದುವೆಗೆ ಉಡುಗೊರೆ ಕೊಡುತ್ತಿದ್ದಾರೆ. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿದರೆ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಮೈಸೂರಿನ ಒಂದು ಮೊಹಲ್ಲಾ ಕ್ರಿಕೆಟ್ ಕ್ಲಬ್ಬು. ಹೆಸರು ಹೇಳಲ್ಲ, ಹೇಳಿದರೆ ಮನೆಜಗಳ ಬೀದಿಗೆ ಬರುತ್ತದೆ. ಸ್ವಂತ ಮೈದಾನ ಇಲ್ಲ, ಸ್ವಂತ ರೂಮಿಲ್ಲ. ರಣಜಿ ಆಡಿದವರು ಒಬ್ಬರೂ ಇಲ್ಲ. ಆದರೂ ಕಿಟ್ ಬ್ಯಾಗ್ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತಾ ಎಪ್ಪತ್ತು ವರ್ಷ ದಾಟಿಸಿದ್ದೇವೆ. ನಾನು ಸೇರಿದ್ದು 1979ರಲ್ಲಿ. ಲೆಗ್ ಸ್ಪಿನ್ ಹಾಕುತ್ತಿದ್ದೆ. ಹಾಕಿದ್ದಕ್ಕಿಂತ ಪೆವಿಲಿಯನ್ ಮರದ ಕೆಳಗೆ ಕೂತು ಸ್ಕೋರ್ ಬರೆದದ್ದೇ ಜಾಸ್ತಿ. ಹೊಟ್ಟೆಪಾಡಿಗೆ ಬ್ಯಾಂಕಿನಲ್ಲಿ ಗುಮಾಸ್ತ. ಕೊನೆಗೆ ಕೈಹಿಡಿದದ್ದು ಆ ಗುಮಾಸ್ತಿಕೆಯೇ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಹಳಬರ ಮನೆಗೆ ಹೋಗಿ ಫೋನಿನಲ್ಲಿ ರೆಕಾರ್ಡ್ ಹಾಕಿ, "ಸಾರ್, ನಿಮ್ಮ ಕಾಲದ್ದು ಹೇಳಿ" ಅಂದೆ. ಹದಿನಾಲ್ಕು ಜನ, ಹೆಚ್ಚುಕಡಿಮೆ ಇಪ್ಪತ್ತು ಗಂಟೆ ಮಾತು. ಉಪಯೋಗಕ್ಕೆ ಬಂದದ್ದು ಮುಕ್ಕಾಲು ಗಂಟೆಯಷ್ಟು. ಭಾರತದ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ ಮೈಸೂರಿನಲ್ಲಿ ಹುಟ್ಟಿದವರು ಅನ್ನೋದೇ ನನಗೆ ದೊಡ್ಡ ತಲೆನೋವಾಯಿತು. ಹದಿನಾಲ್ಕರಲ್ಲಿ ಒಂಬತ್ತು ಜನ ಅವರ ಬೌಲಿಂಗ್ ಆಡಿದ್ದಾರೆ, ಆರು ಜನ ಸಿಕ್ಸರ್ ಹೊಡೆದಿದ್ದಾರೆ! ಚಂದ್ರಶೇಖರ್ ಹುಡುಗರಾಗಿದ್ದಾಗಲೇ ಮನೆಯವರ ಜೊತೆ ಬೆಂಗಳೂರಿಗೆ ಹೋದವರು, ಅಲ್ಲಿ ಸಿಟಿ ಕ್ರಿಕೆಟರ್ಸ್ ಕ್ಲಬ್ಬಿಗೆ ಆಡಿದವರು ಅಂತ ನೆನಪಿಸಿದರೆ, "ರಜಕ್ಕೆ ಬರ್ತಿದ್ರಲ್ಲಪ್ಪ" ಅನ್ನುತ್ತಾರೆ. ಅದಕ್ಕಿಂತ ಸಣ್ಣ ಬ್ಯಾಚಿನವರದ್ದು ಇದೇ ಕಥೆ, ವೇಗದ ಬೌಲರ್ ಶ್ರೀನಾಥ್ ಹೆಸರಿನಲ್ಲಿ.

ವರ್ಷ ಕೇಳಿದರಂತೂ ಮುಗಿಯಿತು. ಒಂದೇ ಮ್ಯಾಚನ್ನು ನಾಲ್ಕು ಜನ ನಾಲ್ಕು ವರ್ಷಕ್ಕೆ ಹೇಳಿದರು. ಕೊನೆಗೆ ವರ್ಷ ಕೇಳೋದನ್ನೇ ಬಿಟ್ಟೆ. "ಬೆಂಗಳೂರಿನಲ್ಲಿ ಮೊದಲ ಟೆಸ್ಟ್ ಆಯ್ತಲ್ಲ, ವೆಸ್ಟ್ ಇಂಡೀಸ್ ಬಂದಿದ್ರಲ್ಲ, ಅದಕ್ಕೆ ಮುಂಚೆನೋ ಆಮೇಲೋ?" ಅಂತ ಕೇಳಿದೆ. ಅದು ನವೆಂಬರ್ 1974. ಗ್ರೀನಿಜ್, ರಿಚರ್ಡ್ಸ್ ಇಬ್ಬರಿಗೂ ಮೊದಲ ಟೆಸ್ಟ್, ಲಾಯ್ಡ್ 163 ಹೊಡೆದದ್ದು. ನಮ್ಮವರಲ್ಲಿ ಏಳೆಂಟು ಜನ ರೈಲು ಹತ್ತಿ ಹೋಗಿದ್ದರಿಂದ ಅದು ಯಾರಿಗೂ ಮರೆತಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕ ಬಾಂಬೆಯನ್ನು ಕೆಡವಿದ್ದು ಇನ್ನೊಂದು ಗೂಟ. ಹದಿನೈದು ವರ್ಷ ಬಿಡದೆ ಗೆದ್ದಿದ್ದ ಬಾಂಬೆ ಅದು. ಪ್ರಸನ್ನ ಗವಾಸ್ಕರ್‌ನ ಬೌಲ್ಡ್ ಮಾಡಿದಾಗ ತಾನು ಎಲ್ಲಿ ನಿಂತು ರೇಡಿಯೋ ಕೇಳುತ್ತಿದ್ದೆ ಅಂತ ಪ್ರತಿಯೊಬ್ಬನೂ ಹೇಳುತ್ತಾನೆ. 1971ರ ಓವಲ್ ಟೆಸ್ಟ್ ಗೆಲುವು, ವಿಶ್ವಕಪ್ ಗೆದ್ದ 1983ರ ಜೂನ್ 25, ಶ್ರೀನಾಥ್ ರಣಜಿಗೆ ಬಂದ 1989. ಈ ಗೂಟಗಳಿಗೆ ಹಗ್ಗ ಕಟ್ಟಿದರೆ ಮಾತು ಅಷ್ಟಿಷ್ಟು ನಿಲ್ಲುತ್ತದೆ. ಅಷ್ಟೇ, ಅದಕ್ಕಿಂತ ಹೆಚ್ಚು ನಿಲ್ಲಲ್ಲ.

ಎರಡನೇ ತಪ್ಪು ದುಡ್ಡಿನದು. ಕೈಗೆ ಸಿಕ್ಕ ಹನ್ನೊಂದು ಸ್ಕೋರ್ ಪುಸ್ತಕಗಳನ್ನು ಒಂದು ಅಂಗಡಿಗೆ ಸ್ಕ್ಯಾನ್‌ಗೆ ಕೊಟ್ಟೆ. ಪುಟಕ್ಕೆ ಎಂಟು ರೂಪಾಯಿ ಮಾತಾಡಿದ್ದು. ಸುಲಭ ಆಗಲಿ ಅಂತ ಅವರು ಬೈಂಡಿಂಗ್ ಕತ್ತರಿಸಿಬಿಟ್ಟರು. ಕತ್ತರಿಸುವಾಗ ಒಳಗಿನ ಅಂಚು ಅರ್ಧ ಬೆರಳಿನಷ್ಟು ಹೋಯಿತು. ನಮ್ಮ ಸ್ಕೋರರ್‌ಗಳು ಅಂಪೈರ್ ಯಾರು, ಮ್ಯಾಟ್ (ಪಿಚ್ ಮೇಲೆ ಹಾಸುವ ನಾರಿನ ಚಾಪೆ) ಯಾರದ್ದು, ಊಟಕ್ಕೆಷ್ಟು ಅಂತೆಲ್ಲ ಗೀಚುತ್ತಿದ್ದದ್ದು ಆ ಅಂಚಿನಲ್ಲೇ. ನಾಲ್ಕು ಸಾವಿರದ ಇನ್ನೂರೋ ಏನೋ ಕೊಟ್ಟು ಬಂದೆ. ದುಡ್ಡಿಗಿಂತ ಆ ಅಂಚಿಗೆ ಹೊಟ್ಟೆ ಉರಿಯಿತು. ಆಮೇಲೆ ಫೋಟೋ ಫ್ರೇಮ್ ಅಂಗಡಿಯಲ್ಲಿ ನೂರೆಂಬತ್ತು ರೂಪಾಯಿಗೆ ಒಂದು ಗಾಜಿನ ತುಂಡು ತಂದು, ಅಂಚು ಉಜ್ಜಿಸಿಕೊಂಡು, ಪುಟದ ಮೇಲಿಟ್ಟು ಕಿಟಕಿ ಬೆಳಕಿನಲ್ಲಿ ಫೋನಿನಿಂದ ಫೋಟೋ ತೆಗೆದೆ. ಸ್ಕ್ಯಾನರ್‌ಗಿಂತ ಚೆನ್ನಾಗಿ ಬಂತು. ಅಳಿಸಿಹೋದ ಪೆನ್ಸಿಲ್ ಗುರುತಿಗೆ ರೂಮು ಕತ್ತಲೆ ಮಾಡಿ ಟಾರ್ಚನ್ನು ಪುಟದ ಮಟ್ಟಕ್ಕೆ ಹಿಡಿದು ಪಕ್ಕದಿಂದ ಬಿಡಬೇಕು. ಒತ್ತಿ ಬರೆದ ಗೀಟು ನೆರಳಾಗಿ ಏಳುತ್ತದೆ. ಶಾಯಿ ಹೋದ ಪುಟಕ್ಕೆ ಬೇರೆ ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಮನೆಗೆ ಬಂದರೆ ಕಾಫಿ ಕೊಟ್ಟು ತೋರಿಸುತ್ತೇನೆ.

ಕೈಬರಹ ಓದುವ ಆ್ಯಪ್ ಒಂದನ್ನೂ ನೋಡಿದೆ. ನಮ್ಮ ಓಪನಿಂಗ್ ಬ್ಯಾಟ್ಸ್‌ಮನ್ ಹೆಸರನ್ನು ಅದು ಮೂರು ಪುಟದಲ್ಲಿ ಮೂರು ಥರ ಓದಿತು, ಒಂದು ಕಡೆ ತರಕಾರಿ ಮಾಡಿತು. ಬಿಟ್ಟೆ.

ಪತ್ರಿಕೆಗಳ ಹಳೇ ಸಂಪುಟ ನೋಡೋಣ ಅಂತ ಒಂದು ಬೇಸಿಗೆ ಪೂರ್ತಿ ಗ್ರಂಥಾಲಯಗಳಿಗೆ ಅಲೆದೆ. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ ಶುರುವಾದದ್ದು 1948ರಲ್ಲಿ, ನಮ್ಮ ಕಾಲಕ್ಕೆ ಸಾಕು. ಆದರೆ ಮೊಹಲ್ಲಾ ಕ್ಲಬ್ಬಿನ ಮ್ಯಾಚು ಬಂದರೆ ಎರಡು ಸಾಲು, ಅದೂ ಮೂರು ದಿನ ತಡವಾಗಿ, ಅದೂ ನಮ್ಮ ಹೆಸರು ತಪ್ಪಾಗಿ. ಇಪ್ಪತ್ತಾರು ದಿನ ಕೂತು ಹದಿನೇಳು ಮ್ಯಾಚು ಸಿಕ್ಕವು. ಬಸ್ ಚಾರ್ಜು, ಟೀ ಸೇರಿಸಿದರೆ ಮ್ಯಾಚಿಗೆ ನೂರು ರೂಪಾಯಿ ಮೇಲೆ ಬಿತ್ತು. ಧೂಳಿಗೆ ಬಂದ ಕೆಮ್ಮು ಬೇರೆ.

ಇಷ್ಟರಲ್ಲಿ ಒಂದು ವರ್ಷ ಹೋಗಿತ್ತು. ಕಮಿಟಿಯಲ್ಲಿ, "ಎಲ್ಲಿಗೆ ಬಂತು ಮಹಾಭಾರತ?" ಅಂತ ಕೇಳುತ್ತಿದ್ದರು.

ನಮ್ಮ ಮೊದಲ ಟ್ರೆಷರರ್ ತೀರಿಕೊಂಡು ಎಷ್ಟೋ ವರ್ಷ ಆಗಿದೆ. ಅವರ ಮನೆಯವರು ಇದ್ದಾರೆ, ತೊಂಬತ್ತರ ಹತ್ತಿರ. ಸುಮ್ನೆ ನಮಸ್ಕಾರ ಮಾಡಿ ಒಂದು ಗ್ರೂಪ್ ಫೋಟೋ ಇಸ್ಕೊಂಡು ಬರೋಣ ಅಂತ ಹೋದೆ.

"ಫೋಟೋ ಎಲ್ಲ ಮಕ್ಕಳು ತಗೊಂಡು ಹೋದ್ರಪ್ಪ. ಆ ಟ್ರಂಕ್ ಒಂದಿದೆ ಅಟ್ಟದ ಮೇಲೆ, ಲೆಕ್ಕದ ಪುಸ್ತಕ. ನಿನಗ್ಯಾಕೆ ಅದು?"

"ಇರಲಿ ಬಿಡಿ ಅಮ್ಮ, ನೋಡ್ತೀನಿ."

"ನೋಡು. ಅಕ್ಕಿ ದುಡ್ಡು ನನಗೆ ಇನ್ನೂ ಬರಬೇಕು, ಅದೂ ಬರ್ದಿದಾರಾ ನೋಡು."

ಟ್ರಂಕಿನ ತಳದಲ್ಲಿ ನಾರಿನ ಮ್ಯಾಟಿನ ಒಂದು ತುಂಡು, ಗೆದ್ದಲು ತಿಂದು ಪುಡಿಯಾಗಿತ್ತು. ಮೇಲೆ ಐದು ಉದ್ದನೆ ರೋಕಡ ಪುಸ್ತಕ, ಕೆಂಪು ಬಟ್ಟೆಯ ರಟ್ಟು. ಮೊದಲನೇ ಪುಸ್ತಕದ ಮೊದಲನೇ ಪುಟದಲ್ಲಿ ಶ್ರೀ, ಅದರ ಕೆಳಗೆ, "ಹಿಂದಿನ ಪುಸ್ತಕದಿಂದ ತಂದ ಶಿಲ್ಕು 3-7-6." ಅಂದರೆ ಉಳಿಕೆ ಮೂರು ರೂಪಾಯಿ ಏಳಾಣೆ ಆರು ಕಾಸು. ಮೂವತ್ತನಾಲ್ಕು ವರ್ಷ ಲೆಡ್ಜರ್ ನೋಡಿದ ನನಗೆ ಕೈ ನಡುಗಿತು ಅಂದರೆ ನಂಬಿ.

ಅಕ್ಕಿ ದುಡ್ಡೂ ಬರೆದಿದ್ದರು. "ಮನೆಯಿಂದ ಅಕ್ಕಿ, ಸಾಲ." ಹದಿನೆಂಟೂವರೆ ರೂಪಾಯಿ. ತೀರಿಸಿದ ಗುರುತು ಮಾತ್ರ ಎಲ್ಲೂ ಇಲ್ಲ.

ಇಲ್ಲಿಂದ ನನ್ನ ದಾರಿ ಬದಲಾಯಿತು. ಸ್ಕೋರ್ ಪುಸ್ತಕ ಕಳೆದುಹೋದರೂ ಖರ್ಚಿನ ಪುಸ್ತಕ ಇದ್ದರೆ ಸಾಕು, ಕ್ಲಬ್ಬಿನ ಚರಿತ್ರೆ ಸಿಗುತ್ತದೆ. ರನ್ನಿನ ಲೆಕ್ಕ ಮನುಷ್ಯ ಮರೆಯಬಹುದು, ಉಬ್ಬಿಸಬಹುದು. ಎಂಟಾಣೆ ಯಾರಿಗೆ ಕೊಟ್ಟೆ ಅನ್ನೋದನ್ನು ಆ ಕಾಲದ ಟ್ರೆಷರರ್ ಮರೆಯಲ್ಲ. ಇದನ್ನು ಹೇಳಿದಾಗಲೂ ನಮ್ಮವರು, "ಮ್ಯಾಚ್ ರಿಪೋರ್ಟ್ ಕೇಳಿದ್ರೆ ಕಿರಾಣಿ ಚೀಟಿ ತೋರಿಸ್ತಾನೆ" ಅಂದರು. ಅನ್ನಲಿ.

ಲೆಕ್ಕ ಹೀಗೆ. ಒಂದು ಮ್ಯಾಚಿಗೆ ಒಂದು ಹೊಸ ಚೆಂಡು. ಹಾಗಾಗಿ "ಚೆಂಡು 1" ಅಂತ ಎಷ್ಟು ಸಲ ಬಂದಿದೆಯೋ ನಾವು ಚೆಂಡು ಕೊಟ್ಟ ಮ್ಯಾಚು ಅಷ್ಟು. ಪ್ರಾಕ್ಟೀಸಿಗೆ ಹಳೇ ಚೆಂಡೇ, ಅದಕ್ಕೆ ದುಡ್ಡು ಹಾಕುತ್ತಿರಲಿಲ್ಲ. ಟಾಂಗಾ ಬಾಡಿಗೆ ನೋಡಿದರೆ ಯಾವ ಮೈದಾನ ಅಂತ ಗೊತ್ತಾಗುತ್ತದೆ. ಮಹಾರಾಜ ಕಾಲೇಜು ಮೈದಾನಕ್ಕಾದರೆ ಮ್ಯಾಟು ಹೊತ್ತುಕೊಂಡೇ ಹೋಗುತ್ತಿದ್ದರು, ಬಾಡಿಗೆ ಇಲ್ಲ. ಬಾಡಿಗೆ ಇದ್ದು, ಮ್ಯಾಟಿಗೆ ಹೊಡೆಯುವ "ಮೊಳೆ" ಅಂತ ಇಲ್ಲದಿದ್ದರೆ ಎದುರಿನವರ ಮ್ಯಾಟು. ನಿಂಬೆಹಣ್ಣು, ಸೋಡಾ ದುಪ್ಪಟ್ಟು ಆಗಿದ್ದರೆ ಗೆದ್ದಿದ್ದಾರೆ ಅಂತ ಹಿಡಿದೆ. ಇದು ಹತ್ತರಲ್ಲಿ ಏಳು ಸಲ ಸರಿ ಬಂತು. ಉಳಿದ ಮೂರು ಸಲ ಸೆಕೆ ಇತ್ತು ಅಂತ ಕಾಣುತ್ತದೆ.

ಅಮ್ಮನಿಗೆ ಸ್ಕೋರು ಗೊತ್ತಿಲ್ಲ, ಊಟ ಗೊತ್ತು. "ಪುಳಿಯೋಗರೆ ಹದಿಮೂರು ಪೊಟ್ಟಣ ಅಂದ್ರೆ ಇಲ್ಲೇ ಮ್ಯಾಚು. ಹನ್ನೊಂದು ಹುಡುಗರು, ಬರೆಯೋ ಹುಡುಗ, ಅಂಪೈರು. ಹದಿನಾರು ಅಂದ್ರೆ ದೊಡ್ಡೋರು ಯಾರೋ ನೋಡೋಕೆ ಬರ್ತಾರೆ ಅಂತ." ಪುಸ್ತಕದಲ್ಲಿ ಬಾಳೆಲೆ ಲೆಕ್ಕ ನೋಡಿದೆ. ಒಂದು ವರ್ಷದ ಫೈನಲ್‌ಗೆ ಹದಿನಾರೇ ಇತ್ತು.

ಕಾಲ ನಿರ್ಣಯಕ್ಕೂ ದುಡ್ಡೇ ಸಾಕ್ಷಿ. ಆಣೆ ಕಾಸಿನಲ್ಲಿದ್ದರೆ ಏಪ್ರಿಲ್ 1957ಕ್ಕೆ ಮುಂಚೆ. ಹಳೇ ಅಭ್ಯಾಸದವರು ಆಮೇಲೂ ಒಂದೆರಡು ವರ್ಷ ಆಣೆಯಲ್ಲೇ ಬರೆದಿದ್ದಾರೆ, ಅದಕ್ಕೆ ಅಂಗಡಿ ರಸೀತಿ ನೋಡಬೇಕು. "ನ.ಪೈ.", ಅಂದರೆ ನಯಾ ಪೈಸೆ, ಅಂತಿದ್ದರೆ 1957ರಿಂದ 1964ರ ಒಳಗೆ, ಆಮೇಲೆ "ನಯಾ" ಬಿದ್ದುಹೋಗಿ ಬರೀ ಪೈಸೆ. ಅಂಗಡಿ ವಿಳಾಸದಲ್ಲಿ ಆರಂಕಿ ಪಿನ್ ಕೋಡ್ ಇದ್ದರೆ ಆಗಸ್ಟ್ 1972ರ ನಂತರ. ಸಂಸ್ಥೆಯ ರಸೀತಿಯಲ್ಲಿ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಅಂತಿದ್ದರೆ 1973ಕ್ಕೆ ಹಿಂದೆ, ಆ ವರ್ಷ ಅದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಆಯಿತು. ಒಂದು ಎಚ್ಚರ. ಇದ್ದ ರಸೀತಿ ಪುಸ್ತಕ ಮುಗಿಯೋವರೆಗೂ ನಮ್ಮ ಜನ ಹೊಸದು ಅಚ್ಚು ಹಾಕಿಸಲ್ಲ. ಪಿನ್ ಇಲ್ಲ ಅಂದ ಮಾತ್ರಕ್ಕೆ 1972ಕ್ಕೆ ಮುಂಚೆ ಅಂತಲ್ಲ. ನಾನು ಹಾಗೆ ನಂಬಿ ಒಂದು ಸೀಸನ್ನೇ ತಪ್ಪು ಕಡೆ ಹಾಕಿ, ಮತ್ತೆ ಕಿತ್ತು ಕೂರಿಸಿದೆ.

ಒಂದು ಉದಾಹರಣೆ. ಸ್ಕೋರ್ ಪುಸ್ತಕದಲ್ಲಿ "ಜ. 14, ಭಾನುವಾರ, ಸಂಕ್ರಾಂತಿ ಮ್ಯಾಚ್" ಅಂತಿದೆ, ವರ್ಷ ಇಲ್ಲ. ಜನವರಿ 14 ಭಾನುವಾರ ಬಿದ್ದದ್ದು 1962, 1968, 1973, 1979ರಲ್ಲಿ. ಖರ್ಚಿನ ಪುಸ್ತಕದಲ್ಲಿ ಅದೇ ತಾರೀಖಿಗೆ ಚೆಂಡಿನ ರಸೀತಿ ಅಂಟಿಸಿದೆ, ಬರೀ ಪೈಸೆ, ನಯಾ ಇಲ್ಲ. 1962 ಹೋಯಿತು. ಅದರ ಹಿಂದಿನ ಪುಟದಲ್ಲಿ ಮೈಸೂರು ಸಂಸ್ಥೆಯ ರಸೀತಿ. 1979 ಹೋಯಿತು. ಉಳಿದದ್ದು 1968, 1973. ಇಲ್ಲಿ ಮೂರು ತಿಂಗಳು ಸಿಕ್ಕಿಹಾಕಿಕೊಂಡೆ. ಬಿಡಿಸಿದ್ದು ಒಂದು ಅರ್ಧ ಟಿಕೆಟ್. ಅದಕ್ಕೂ ಮುಂಚೆ ಆ ಅರ್ಧ ಟಿಕೆಟ್ ನನ್ನನ್ನು ಚೆನ್ನಾಗಿ ಮಂಗ ಮಾಡಿತ್ತು. ಅದನ್ನು ಹೇಳಿಬಿಡುತ್ತೇನೆ.

1967ರ ಪುಸ್ತಕದಲ್ಲಿ ಬೆಂಗಳೂರಿಗೆ ಹೋದ ಲೆಕ್ಕ ಇದೆ. ತಾರೀಖು ವರ್ಷ ಎಲ್ಲ ಸರಿಯಾಗಿದೆ. "ರೈಲು, ಫುಲ್ 11, ಹಾಫ್ 1." ಆ ಹಾಫ್ ಯಾರು? ಸ್ಕೋರ್ ಬರೆಯುವ ಹುಡುಗ. ಅರ್ಧ ಟಿಕೆಟ್ ಅಂದರೆ ಹನ್ನೆರಡು ತುಂಬಿಲ್ಲ. ಹುಡುಗನ ವಯಸ್ಸು ಹನ್ನೊಂದು, ಹುಟ್ಟಿದ್ದು 1956 ಅಂತ ಬರೆದುಕೊಂಡೆ. ಅವರು ಈಗ ಬೇರೆ ಊರಿನಲ್ಲಿದ್ದಾರೆ. ಫೋನಿನಲ್ಲಿ ಕೇಳಿದಾಗ, "ನಾನು ಒಂಬತ್ತನೇ ವಯಸ್ಸಿಗೇ ಪೆನ್ಸಿಲ್ ಹಿಡಿದೆ" ಅಂದರು. 56ಕ್ಕೆ ಒಂಬತ್ತು ಸೇರಿಸಿದರೆ 1965. ಸರಿ, ಅವರ ಎಳೆಯ ಕೈಬರಹದಲ್ಲಿದ್ದ, ತಾರೀಖಿಲ್ಲದ ಒಂದು ಪೂರ್ತಿ ಸ್ಕೋರ್ ಪುಸ್ತಕವನ್ನು, ಹದಿನಾಲ್ಕು ಮ್ಯಾಚು, 1965ಕ್ಕೆ ಕೂರಿಸಿದೆ. ಅದರೊಳಗೆ ಸಿಕ್ಕ ಎರಡು ರಸೀತಿಯಲ್ಲಿ ನ.ಪೈ. ಇತ್ತು. ಹಳೇ ರಸೀತಿ ಪುಸ್ತಕ ಇರಬೇಕು ಬಿಡು ಅಂತ ನಾನೇ ಸಮಾಧಾನ ಹೇಳಿಕೊಂಡೆ. ನೋಡಿ, ಒಂದು ಸಲ ಸುಟ್ಟುಕೊಂಡವನು ಎರಡನೇ ಸಲ ಬೇರೆ ಕಡೆ ಸುಟ್ಟುಕೊಳ್ಳುತ್ತಾನೆ.

ಆರು ತಿಂಗಳಾದ ಮೇಲೆ ಅವರೇ ಮೈಸೂರಿಗೆ ಬಂದರು. ಪುಸ್ತಕ ಮುಂದಿಟ್ಟೆ. ಅರ್ಧ ಟಿಕೆಟಿನ ಸಾಲು ನೋಡಿ ಬಿದ್ದು ಬಿದ್ದು ನಕ್ಕರು.

"ಆಗ ನಂಗೆ ಹದಿಮೂರು ಕಣ್ರೀ! ಟಿ.ಸಿ. ಕೇಳಿದ್ರೆ ಹನ್ನೊಂದು ಅನ್ನು ಅಂತ ಕ್ಯಾಪ್ಟನ್ ಹೇಳಿಕೊಟ್ಟಿದ್ರು. ರಾಮನಗರದವರೆಗೂ ಕಾಲು ಮಡಚಿಕೊಂಡು ಕೂತಿದ್ದೆ, ಉದ್ದ ಕಾಣ್ತೀನಿ ಅಂತ."

ಹುಟ್ಟಿದ್ದು 1954, ಪೆನ್ಸಿಲ್ ಹಿಡಿದದ್ದು 1963. ನ.ಪೈ. ಸರಿಯಾಗೇ ಹೇಳಿತ್ತು, ಸುಳ್ಳು ಹೇಳಿದ್ದು ನಮ್ಮ ಕ್ಯಾಪ್ಟನ್. ಹದಿನಾಲ್ಕು ಮ್ಯಾಚು ಎರಡು ವರ್ಷ ಹಿಂದಕ್ಕೆ ಹೋದವು, ಅವುಗಳ ಜೊತೆ ಹನ್ನೆರಡು ಪುಟ ಟೈಪ್ ಮಾಡಿದ್ದೂ ಹೋಯಿತು. ಸಂಕ್ರಾಂತಿ ಮ್ಯಾಚಿನ ಪುಟ ತೋರಿಸಿದೆ. ಒಂದು ನಿಮಿಷ ಕನ್ನಡಕ ಮೇಲೆ ಕೆಳಗೆ ಮಾಡಿ, "ಇದು ನನ್ನ ಹೈಸ್ಕೂಲ್ ಅಕ್ಷರ. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಸೊನ್ನೆಗೆ ಹೀಗೆ ಬಾಲ ಬಿಡ್ತಿರಲಿಲ್ಲ" ಅಂದರು. 1968 ಅಂತ ಬರೆದೆ. ಮೂರು ತಿಂಗಳ ಗಂಟು ಒಂದು ಸೊನ್ನೆಯ ಬಾಲದಲ್ಲಿ ಬಿಚ್ಚಿಕೊಂಡಿತು.

ಹಬ್ಬದ ಮ್ಯಾಚುಗಳಿಗೆ ಒಂಟಿಕೊಪ್ಪಲ್ ಪಂಚಾಂಗ ಸಾಕಾಗುತ್ತದೆ. ನಮ್ಮ ಬೀದಿಯ ಪುರೋಹಿತರ ಮನೆಯಲ್ಲಿ ಹಳೇವು ಕಟ್ಟಿಟ್ಟಿದ್ದರು. ಯುಗಾದಿ ಅದೇ ತಾರೀಖಿಗೆ ಮತ್ತೆ ಬೀಳೋದು ಅಪರೂಪ, ಆದ್ದರಿಂದ "ಯುಗಾದಿ" ಅಂತ ತಾರೀಖು ಸಮೇತ ಸಿಕ್ಕರೆ ಅನುಮಾನ ತುಂಬಾ ಕಡಿಮೆ.

ಇನ್ನೊಂದು ಸಲ ಹಳೇ ಸ್ಕೋರರ್‌ಗಳನ್ನು ಕಳ್ಳರು ಅಂತ ಅಂದುಕೊಂಡು ಪಾಪ ಕಟ್ಟಿಕೊಂಡಿದ್ದೆ. 70ರ ದಶಕದ ಯಾವ ಇನ್ನಿಂಗ್ಸ್ ಕೂಡಿಸಿದರೂ ಐದಾರು ರನ್ ಕಡಿಮೆ. ಒಂದು ಮ್ಯಾಚು ಟೋಟಲ್ 143. ಬೌಲರ್‌ಗಳದ್ದು 129, ಬೈ 6, ಲೆಗ್ ಬೈ 3. ಕೂಡಿದರೆ 138. ಐದು ಎಲ್ಲಿ? ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ. ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ನೋಬಾಲ್ 5. ಆಗ ವೈಡು, ನೋಬಾಲನ್ನು ಬೌಲರ್ ತಲೆಗೆ ಕಟ್ಟುತ್ತಿರಲಿಲ್ಲ, ಎಕ್ಸ್‌ಟ್ರಾದಲ್ಲಿ ಮಾತ್ರ. ಈ ಪದ್ಧತಿ ಬದಲಾದದ್ದು 80ರ ದಶಕದ ಮಧ್ಯದಲ್ಲಿ. ನಾನು ಸ್ಕೋರ್ ಬರೆಯಲು ಶುರು ಮಾಡಿದಾಗ ಹಳೇ ಪದ್ಧತಿಯೇ ಇತ್ತು, ನಾನೇ ಹಾಗೆ ಬರೆದಿದ್ದೇನೆ, ಮರೆತುಬಿಟ್ಟಿದ್ದೆ. ಕೂಡಿಸಿ ನೋಡುವವರು ಇದನ್ನು ಮೊದಲು ನೋಡಿಕೊಳ್ಳಿ. ತಾರೀಖಿಲ್ಲದ ಪುಟಕ್ಕೆ ಇದೂ ಒಂದು ಸಾಕ್ಷಿ.

ಮಧ್ಯೆ ಒಂದು ಹುಚ್ಚು. ಹಳೇ ಪುಸ್ತಕಗಳಲ್ಲಿ ಕಟ್ಟರ್ (ವೇಗದಲ್ಲೇ ತಿರುಗುವ ಚೆಂಡು) ಹಾಕುವವರಿಗೂ ಸ್ಪಿನ್ನರ್‌ಗಳಿಗೂ ರಾಶಿ ರಾಶಿ ವಿಕೆಟ್. ಎಲ್ಲ ಮ್ಯಾಟಿನ ಮಹಿಮೆ ಅಂತ ಎಲ್ಲರಿಗೂ ಗೊತ್ತು. ಆದರೆ ನಮ್ಮ ಒಬ್ಬ ಆಫ್ ಸ್ಪಿನ್ನರ್ ಮನೆ ಮ್ಯಾಟಿನಲ್ಲಿ ಐದು ವಿಕೆಟ್, ಹೊರಗಿನ ಮ್ಯಾಟಿನಲ್ಲಿ ಒಂದು. ಯಾಕೆ? ನಾರಿನ ಮ್ಯಾಟಿನ ಇಪ್ಪತ್ತಡಿ ತುಂಡು ಹುಡುಕಿ ತಂದು, ಎರಡೂವರೆ ಸಾವಿರ ಆಯಿತು ಅದಕ್ಕೆ, ಮಣ್ಣಿನ ಮೇಲೆ ಹಾಸಿ, ಮೊಳೆ ಹೊಡೆದು, ಮೊಮ್ಮಗನ ಕೈಲಿ ಬ್ಯಾಟ್ ಕೊಟ್ಟು ಎರಡು ಭಾನುವಾರ ಬೌಲ್ ಮಾಡಿದೆ. ಬಿಗಿಯಾಗಿ ಎಳೆದು ಕಟ್ಟಿದರೆ ಚೆಂಡು ಗುದ್ದಿ ಏಳುತ್ತದೆ, ಬೇಗ ಬರುತ್ತದೆ. ಸ್ವಲ್ಪ ಸಡಿಲ ಬಿಟ್ಟರೆ ಹಿಡಿದುಕೊಂಡು ತಿರುಗುತ್ತದೆ. ನಮ್ಮ ಮ್ಯಾಟ್ ಹಾಸುತ್ತಿದ್ದವರ ಮಗನನ್ನು ಕೇಳಿದೆ. "ಅಪ್ಪ ಯಾವಾಗಲೂ ಆ ತುದಿಯ ಎರಡು ಮೊಳೆ ಅರ್ಧಕ್ಕೇ ಹೊಡೀತಿದ್ರು" ಅಂದ. ಆ ಮ್ಯಾಟಿನವರಿಗೆ ಪುಸ್ತಕದಲ್ಲಿ ಮ್ಯಾಚಿಗೆ ಎಂಟಾಣೆ, ಆ ಆಫ್ ಸ್ಪಿನ್ನರ್ ಕ್ಯಾಪ್ಟನ್ ಆದಮೇಲೆ ಒಂದು ರೂಪಾಯಿ! ಇದನ್ನು ನಮ್ಮ ಪುಸ್ತಕದಲ್ಲಿ ಹಾಕಲಿಲ್ಲ. ಇಲ್ಲಿ ಹೆಸರಿಲ್ಲದೆ ಹೇಳಿದ್ದೇನೆ. ಮೊಮ್ಮಗ ಮಾತ್ರ ಆಮೇಲೆ ಮ್ಯಾಟ್ ನೋಡಿದರೆ ಓಡುತ್ತಾನೆ.

ಆವರೇಜ್ ಹಾಕಿದ್ದು ದೊಡ್ಡ ತಪ್ಪು. ಎಲ್ಲರದ್ದೂ ಲೆಕ್ಕ ತೆಗೆದೆ. ನಲವತ್ತು ವರ್ಷದಿಂದ ಸೆಂಚುರಿ ಅಂತ ಹೇಳಿಕೊಂಡು ಬಂದಿದ್ದ ಒಬ್ಬ ಹಿರಿಯರದ್ದು 87. ಎರಡು ಪುಸ್ತಕದಲ್ಲಿ, ನಮ್ಮದು ಮತ್ತು ಎದುರಿನವರದ್ದು, ಎರಡರಲ್ಲೂ 87. ಅವರ ಮನೆಯಲ್ಲಿ ಊಟ ಮಾಡಿಕೊಂಡು ಬಂದಿದ್ದೆ ಬೇರೆ. ಕೊನೆಗೆ ಕ್ಲಬ್ಬಿನ ಸೆಂಚುರಿಗಳ ಪಟ್ಟಿಯನ್ನೇ ಕೈಬಿಟ್ಟು, ಪಾರ್ಟ್‌ನರ್‌ಶಿಪ್ ಪಟ್ಟಿ ಹಾಕಿದೆ. ಅದರಲ್ಲಿ ಅವರದ್ದೇ ಮೊದಲು. ಎದುರಾಳಿ ಕ್ಲಬ್ಬಿನವರು ಅವರ ಸ್ಕೋರ್ ಪುಸ್ತಕ ನನಗೆ ಹೇಗೆ ಕೊಟ್ಟರು ಅನ್ನೋದು ಗುಟ್ಟು. ಅವರೂ ಈಗ ಚರಿತ್ರೆ ಬರೆಯುತ್ತಿದ್ದಾರೆ, ನನಗೇಕೆ ಪೈಪೋಟಿ?

ಅಚ್ಚಿನ ಕಥೆ ಬೇಗ ಮುಗಿಸುತ್ತೇನೆ, ನೆನೆಸಿಕೊಂಡರೆ ಬಿ.ಪಿ. ಏರುತ್ತದೆ. ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೆ. ಡಿಟಿಪಿಯವರು ಹಳೇ ನುಡಿ ಫಾಂಟಿಗೆ ತಿರುಗಿಸಿದರು. ತಿರುಗಿಸುವಾಗ ಅರ್ಕಾವತ್ತು ಅರ್ಧ ಹಾರಿಹೋಯಿತು, ಕೆಲವು ಕಡೆ ಒತ್ತು ಪಕ್ಕದ ಅಕ್ಷರಕ್ಕೆ ನೇತುಬಿತ್ತು. "ಸ್ಕೋರ್" ಅನ್ನುವ ಪದ ಎಂಟುನೂರು ಸಲ ಬರುವ ಪುಸ್ತಕದಲ್ಲಿ ಎಂಟುನೂರು ಸಲವೂ ಕೆಟ್ಟಿತ್ತು. ಮೂರು ಪ್ರೂಫ್ ನೋಡಿದೆ. ನೂರಿಪ್ಪತ್ತೆಂಟು ಪುಟ, ಮುನ್ನೂರು ಪ್ರತಿ, ಒಟ್ಟು ಅರವತ್ತೈದು ಸಾವಿರದ ಹತ್ತಿರ ಹೋಯಿತು. ಜಾಹೀರಾತು ಕೊಡುತ್ತೇನೆ ಅಂದಿದ್ದ ಇಬ್ಬರು ಕೊನೇ ವಾರ ಫೋನೇ ಎತ್ತಲಿಲ್ಲ. ಹಳೇ ಆಟಗಾರರಿಂದ ನಲವತ್ತು ಬಂತು, ಉಳಿದದ್ದು ನನ್ನ ಪಿ.ಎಫ್. ಬಡ್ಡಿ. ಇನ್ನೂರೈವತ್ತರಂತೆ ಮಾರಿ, ಪುಕ್ಕಟೆ ಕೊಟ್ಟದ್ದು ಕಳೆದು, ಈಗ ಮನೆಯಲ್ಲಿ ತೊಂಬತ್ತು ಪ್ರತಿ ಇವೆ. ಮನೆಯವಳು ಅವನ್ನು ಕಿಟಕಿ ಪಕ್ಕ ಜೋಡಿಸಿ ಮೇಲೆ ತುಳಸಿ ಕುಂಡ ಇಟ್ಟಿದ್ದಾಳೆ.

ದೊಡ್ಡ ಜಗಳ ಆದದ್ದು ಸ್ಥಾಪನೆ ವರ್ಷಕ್ಕೆ. ಬೋರ್ಡಿನಲ್ಲಿ 1952 ಅಂತ ಬರೆಸಿದೆ. 2027ಕ್ಕೆ ಅಮೃತ ಮಹೋತ್ಸವ ಅಂತ ಚಂದಾ ಎತ್ತಲು ಶುರು ಮಾಡಿಯೂ ಆಗಿದೆ. ನನಗೆ ತಾರೀಖು ಸಮೇತ ಸಿಕ್ಕ ಮೊದಲ ಕಾಗದ 1955ರದ್ದು. "ಹಾಗಾದ್ರೆ ಮೂರು ವರ್ಷ ಚಂದಾ ವಾಪಸ್ ಕೊಡೋಣವಾ?" ಅಂತ ಒಬ್ಬರು ಎದ್ದು ನಿಂತರು. ನಾನು ಆ 3-7-6 ತೋರಿಸಿದೆ. ಹಿಂದಿನ ಪುಸ್ತಕದಿಂದ ಶಿಲ್ಕು ಬಂದಿದೆ ಅಂದ ಮೇಲೆ ಹಿಂದೊಂದು ಪುಸ್ತಕ ಇತ್ತು, ಕ್ಲಬ್ಬೂ ಇತ್ತು. ಎಷ್ಟು ವರ್ಷ ಹಿಂದೆ ಅಂತ ಆ ಶಿಲ್ಕು ಹೇಳಲ್ಲ. ಕೊನೆಗೆ ರಟ್ಟಿನ ಮೇಲೆ 1952, ಒಳಗೆ ಮೊದಲ ಪುಟದಲ್ಲಿ "ದಾಖಲೆ ಸಿಗುವುದು 1955ರಿಂದ" ಅಂತ ಹಾಕಿದೆವು. ರಟ್ಟು ಅವರದ್ದು, ಒಳಗಿನದ್ದು ನನ್ನದು.

ಅಮ್ಮನ ಹದಿನೆಂಟೂವರೆ ಕಮಿಟಿಯಲ್ಲಿ ಇಟ್ಟೆ. ಐನೂರು ರೂಪಾಯಿ ಪಾಸಾಯಿತು. ಕವರಿನಲ್ಲಿ ಹಾಕಿಕೊಂಡು ಹೋಗಿ ಕೊಟ್ಟೆ. ಎಣಿಸಿ ನೋಡಿ, "ಬಡ್ಡಿ ಕಡಿಮೆ ಆಯ್ತು, ನೀನು ಬ್ಯಾಂಕಿನೋನು ಅಲ್ವಾ?" ಅಂದರು.

ಇಷ್ಟೆಲ್ಲ ಆದಮೇಲೆ ನಿಜವಾಗಿ ಕಷ್ಟ ಆದದ್ದು ಯಾವ ಕಾಲ ಗೊತ್ತಾ? 1955 ಅಲ್ಲ, 1968 ಅಲ್ಲ. 2012ರಿಂದ 2019. ಸ್ಕೋರ್ ಫೋನಿನ ಆ್ಯಪ್‌ನಲ್ಲಿ, ಲೆಕ್ಕ ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಸ್ಕೋರ್ ಹಾಕುತ್ತಿದ್ದ ಹುಡುಗ ಫೋನ್ ಬದಲಾಯಿಸಿದ, ಪಾಸ್‌ವರ್ಡ್ ಮರೆತ, ಎರಡು ಸೀಸನ್ ಹೋಯಿತು. ಗ್ರೂಪಿನಲ್ಲಿ ಜಾಗ ತುಂಬಿತು ಅಂತ ಅಡ್ಮಿನ್ ಎಲ್ಲ ಅಳಿಸಿದ. ದುಡ್ಡು ಯುಪಿಐನಲ್ಲಿ ಬಂದಮೇಲಂತೂ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬರೀ ನಂಬರು, ಚೆಂಡಿಗೋ ಬಿರಿಯಾನಿಗೋ ಅಂತ ದೇವರಿಗೇ ಗೊತ್ತು. ಆ ಎಂಟು ವರ್ಷಕ್ಕೆ ನಮ್ಮ ಪುಸ್ತಕದಲ್ಲಿ ಆರು ಪುಟ. 1963ರ ಒಂದೇ ವರ್ಷಕ್ಕೆ ಒಂಬತ್ತು.

ಹೋದ ತಿಂಗಳು ಸಯ್ಯಾಜಿರಾವ್ ರಸ್ತೆಗೆ ಹೋಗಿ ಇನ್ನೂರು ಪುಟದ ಲಾಂಗ್ ಬುಕ್ ತಂದು, ಶ್ರೀ ಬರೆದು, ಮೊದಲ ಸಾಲಿನಲ್ಲಿ "ಲಾಂಗ್ ಬುಕ್ 1, ರೂ. 95" ಅಂತ ಹಾಕಿ ಈಗಿನ ಟ್ರೆಷರರ್ ಕೈಗೆ ಕೊಟ್ಟೆ. ಆ ತೊಂಬತ್ತೈದು ಇನ್ನೂ ಕಮಿಟಿಯಲ್ಲಿ ಪಾಸಾಗಿಲ್ಲ.